ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನಾನು ತಾಳವಾಡಿ ಸೀಮೆಯ ಗುಮಟಾಪುರದವನು. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ನಾನು ವಕೀಲನಲ್ಲ, ಪೊಲೀಸನಲ್ಲ, ಭಾಷಣಕಾರನೂ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಬೇರೆಯವರ ಹಣದ ಲೆಕ್ಕ ಬರೆದವನು. ಈ ಹೊತ್ತು ನಿಮ್ಮೊಡನೆ ಆಡಬೇಕೆಂದಿರುವುದೂ ಒಂದು ಲೆಕ್ಕದ ಮಾತೇ. ಆದರೆ ಅದು ಹಣದ ಲೆಕ್ಕವಲ್ಲ, ಆಳುಗಳ ಲೆಕ್ಕ.

ಹೋದ ದೀಪಾವಳಿಗೆ ಕೊಯಮತ್ತೂರಿನಿಂದ ಮಗಳ ಮನೆಯವರು ಊರಿಗೆ ಬಂದಿದ್ದರು. ಗೊರೆಹಬ್ಬ ನೋಡಬೇಕೆಂದು ಮೊಮ್ಮಗನಿಗೆ ಬಹಳ ಆಸೆ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತಿದ್ದಾಗ ಹುಡುಗ ತನ್ನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಸಾವಿರಾರು ಗಂಡಸರು. ತಲೆ ಬೋಳು, ಮೈಮೇಲೆ ಬರೀ ಬಿಳಿ ಚಡ್ಡಿ. ಒಬ್ಬನ ಬೆನ್ನಿಗೆ ಇನ್ನೊಬ್ಬನ ಎದೆ ತಾಗುವಂತೆ ನೆಲದ ಮೇಲೆ ಸಾಲಾಗಿ ಕೂರಿಸಿದ್ದಾರೆ, ತಲೆ ಎತ್ತುವಂತಿಲ್ಲ. "ತಾತ, ಇದು ಎಲ್ ಸಾಲ್ವಡಾರ್ ಅಂತ ಒಂದು ದೇಶ. ರೌಡಿಗಳನ್ನೆಲ್ಲ ಒಟ್ಟಿಗೆ ಹಿಡಿದು ಒಳಗೆ ಹಾಕಿಬಿಟ್ಟರು. ಈಗ ಅಲ್ಲಿ ಕೊಲೆಯೇ ಇಲ್ಲವಂತೆ. ನಮ್ಮಲ್ಲೂ ಹೀಗೆ ಮಾಡಬಾರದಾ?" ಎಂದು ಕೇಳಿದ.

ನಾನು ಆ ರಾತ್ರಿ ಏನೂ ಹೇಳಲಿಲ್ಲ. ಹೇಳದೇ ಹೋದದ್ದಕ್ಕೆ ಕಾರಣವಿದೆ, ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ದೇಶದ ವಿಚಾರ ತಿಳಿಯೋಣ.

ಎಲ್ ಸಾಲ್ವಡಾರ್ ಅಮೆರಿಕ ಖಂಡಗಳ ನಡುವೆ ಇರುವ ಪುಟ್ಟ ದೇಶ. ನಮ್ಮ ನೆರೆಯ ಕರ್ನಾಟಕದ ಒಂಬತ್ತನೆಯ ಒಂದು ಪಾಲಿನಷ್ಟು ನೆಲ, ಸುಮಾರು 60 ಲಕ್ಷ ಜನ. ಅಲ್ಲಿ 1980ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಓಡಿಹೋದ ಎಷ್ಟೋ ಕುಟುಂಬಗಳು ಅಮೆರಿಕದ ಲಾಸ್ ಏಂಜಲೀಸ್ ನಗರ ಸೇರಿದವು. ಅಲ್ಲಿನ ಬೀದಿಗಳಲ್ಲಿ ಅವರ ಹುಡುಗರು ಗುಂಪು ಕಟ್ಟಿದರು. ಅಮೆರಿಕ ಅವರನ್ನು ಜೈಲಿಗೆ ಹಾಕಿತು, 1990ರ ದಶಕದಲ್ಲಿ ಅವರ ದೇಶಕ್ಕೇ ವಾಪಸು ಕಳಿಸಿತು. ಗುಂಪುಗಾರಿಕೆಯೂ ಅವರ ಜೊತೆಗೇ ಬಂತು. ಅಂಗಡಿಯವನು, ಬಸ್ಸಿನವನು, ತರಕಾರಿ ಮಾರುವವಳು, ಎಲ್ಲರೂ ಕಪ್ಪ ಕೊಡಬೇಕು. ಕೊಡದಿದ್ದರೆ ಗುಂಡು. 2015ರ ಒಂದೇ ವರ್ಷದಲ್ಲಿ ಅಲ್ಲಿ 6,600ಕ್ಕೂ ಹೆಚ್ಚು ಕೊಲೆಗಳಾದವು.

2022ರ ಮಾರ್ಚ್ 25ರಿಂದ 27ರವರೆಗೆ, ಮೂರು ದಿನಗಳಲ್ಲಿ 87 ಮಂದಿಯ ಕೊಲೆಯಾಯಿತು. ಸರಕಾರ ತುರ್ತುಸ್ಥಿತಿ ಘೋಷಿಸಿತು. ವಾರಂಟು ಬೇಡ, ಕಾರಣ ಹೇಳಬೇಕಾಗಿಲ್ಲ, ಅನುಮಾನ ಬಂದವರನ್ನು ಹಿಡಿಯಬಹುದು. ಯಾರಾದರೂ ಹೆಸರು ಹೇಳದೆ ಫೋನ್ ಮಾಡಿ ದೂರು ಕೊಟ್ಟರೂ ಸಾಕು. ಹೀಗೆ ಹಿಡಿದವರ ಸಂಖ್ಯೆ 80 ಸಾವಿರ ದಾಟಿತು. 40 ಸಾವಿರ ಜನ ಹಿಡಿಯುವ ಒಂದು ಹೊಸ ಜೈಲನ್ನು 2023ರಲ್ಲಿ ತೆರೆದರು. ಒಂದೇ ಮೊಕದ್ದಮೆಯಲ್ಲಿ 900 ಮಂದಿಯವರೆಗೆ ಒಟ್ಟಿಗೆ ವಿಚಾರಣೆ ಮಾಡಬಹುದೆಂದು ಕಾನೂನು ತಂದರು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೊಲೆಗಳು ಇಳಿದವು. 2024ರಲ್ಲಿ ಇಡೀ ದೇಶದಲ್ಲಿ 114 ಕೊಲೆ ಎಂದು ಸರಕಾರ ಲೆಕ್ಕ ಕೊಟ್ಟಿತು. ಮಗನನ್ನು ಕಳೆದುಕೊಂಡಿದ್ದ ತಾಯಿ, ಕಪ್ಪ ಕೊಟ್ಟು ಸೋತಿದ್ದ ಅಂಗಡಿಯವನು ಇದನ್ನು ಮೆಚ್ಚಿದರೆ ಅವರನ್ನು ದೂರಲು ನಾವು ಯಾರು? ಆದರೆ ಅದೇ ಸರಕಾರ ಸುಮಾರು 8 ಸಾವಿರ ಮಂದಿಯನ್ನು, ಇವರು ತಪ್ಪಿತಸ್ಥರಲ್ಲ ಎಂದು ತಾನೇ ಬಿಟ್ಟಿತು. ಹಿಡಿದವರಲ್ಲಿ ಹತ್ತಕ್ಕೆ ಒಬ್ಬರಷ್ಟು ಆಯಿತು. ಬಿಡುಗಡೆಗೆ ಮುಂಚೆಯೇ ಜೈಲಿನಲ್ಲಿ ಸತ್ತವರು ನೂರಾರು. ಈ ಬಾಬ್ತು ನನ್ನ ಮೊಮ್ಮಗನ ಮೊಬೈಲಿನ ಚಿತ್ರದಲ್ಲಿ ಇರಲಿಲ್ಲ.

ಬಂಧುಗಳೇ, ಇದೆಲ್ಲ ದೂರದ ದೇಶದ ಸುದ್ದಿ ಎನ್ನಬೇಡಿ. ಇಂಥದನ್ನು ನಮ್ಮ ಕಾಡಿನ ಅಂಚಿನಲ್ಲಿ ನಾವೇ ಕಂಡಿದ್ದೇವೆ. ನಿಮ್ಮಲ್ಲಿ ನಲವತ್ತೈದು ದಾಟಿದವರಿಗೆ ಹೆಸರು ಹೇಳಬೇಕಾಗಿಲ್ಲ. ಹುಡುಗರಿಗಾಗಿ ಹೇಳುತ್ತೇನೆ.

ವೀರಪ್ಪನ್ ಗೋಪಿನಾಥಂ ಊರಿನವನು. ಆನೆ ಕೊಂದ, ಗಂಧದ ಮರ ಕಡಿದ, ಆಮೇಲೆ ಮನುಷ್ಯರನ್ನು ಕೊಂದ. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನು ಶರಣಾಗುವೆನೆಂದು ಕರೆಸಿ ಕೊಂದ. ಅದೇ ಶ್ರೀನಿವಾಸ್ ಗೋಪಿನಾಥಂ ಜನಕ್ಕೆ ಗುಡಿ ಕಟ್ಟಿಸಿಕೊಟ್ಟು, ಔಷಧಿ ಕೊಡಿಸಿ, ಪ್ರೀತಿಯಿಂದ ಊರನ್ನು ಅವನಿಂದ ಬಿಡಿಸಲು ಹೊರಟಿದ್ದವರು. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರನ್ನು ಹೊಂಚು ಹಾಕಿ ಕೊಂದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಅವನನ್ನು ಹಿಡಿಯಲು ಎರಡೂ ರಾಜ್ಯಗಳು ಪಡೆ ಕಟ್ಟಿದವು. ಕನ್ನಡದಲ್ಲಿ ವಿಶೇಷ ಕಾರ್ಯಪಡೆ, ತಮಿಳಿನಲ್ಲಿ ಅದಿರಡಿಪ್ಪಡೈ. ಎರಡು ಭಾಷೆಯಲ್ಲೂ ಆ ಹೆಸರು ಕೇಳಿದರೆ ಮಕ್ಕಳು ಅಳು ನಿಲ್ಲಿಸುತ್ತಿದ್ದ ಕಾಲ ಅದು.

ಕಾಡಂಚಿನ ಹಳ್ಳಿಯವನ ಪಾಡು ಏನೆಂದು ನಿಮಗೆ ಗೊತ್ತು. ರಾತ್ರಿ ಕಾಡಿನಿಂದ ಬಂದವರು ಅಕ್ಕಿ ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ಬೆಳಿಗ್ಗೆ ಊರಿನ ಕಡೆಯಿಂದ ಬಂದವರು "ಅಕ್ಕಿ ಕೊಟ್ಟವನು ಯಾರು?" ಎಂದು ಕೇಳಿದರೆ ಹೇಳುವ ಹಾಗಿಲ್ಲ. ಕೊಡದವನಿಗೆ ಕಾಡಿನವರ ಗುಂಡು, ಕೊಟ್ಟವನಿಗೆ ನಾಡಿನವರ ಲಾಠಿ. ಹಬ್ಬಕ್ಕೆಂದು ಒಂದು ಮೂಟೆ ಅಕ್ಕಿ ಹೆಚ್ಚಿಗೆ ಕೊಂಡರೂ ಯಾರಿಗೆ ಎಂಬ ಪ್ರಶ್ನೆ ಏಳುತ್ತಿತ್ತು.

ಆಗ ಟಾಡಾ ಎಂಬ ಕಾನೂನು ಜಾರಿಯಲ್ಲಿತ್ತು. ಭಯೋತ್ಪಾದಕರನ್ನು ಹಿಡಿಯಲೆಂದು 1985ರಲ್ಲಿ ಮೊದಲು ತಂದದ್ದು, 1987ರಲ್ಲಿ ಮತ್ತೆ ತಂದದ್ದು, 1995ರ ಮೇ ತಿಂಗಳಲ್ಲಿ ಅವಧಿ ಮುಗಿದು ಬಿದ್ದುಹೋದದ್ದು. ದೇಶದಲ್ಲೆಲ್ಲ ಅದರಡಿ ಹಿಡಿದವರು 76 ಸಾವಿರಕ್ಕೂ ಹೆಚ್ಚು. ಶಿಕ್ಷೆಯಾದದ್ದು ನೂರಕ್ಕೆ ಇಬ್ಬರಿಗೂ ಇಲ್ಲ. ಈ ಕಾನೂನಿನಲ್ಲಿ ಎರಡು ವಿಶೇಷಗಳಿದ್ದವು. ಒಂದು, ಜಾಮೀನು ಸಿಕ್ಕುವುದು ಬಹು ಕಷ್ಟ. ಎರಡು, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಮಾಮೂಲು ಕಾನೂನಿನಲ್ಲಿ ಸಾಕ್ಷ್ಯವಾಗುವುದಿಲ್ಲ, ಆದರೆ ಟಾಡಾದಲ್ಲಿ ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡರೆ ಅದೇ ಸಾಕ್ಷ್ಯ. ಕಾನೂನಿನ ಅವಧಿ ಮುಗಿದರೂ ಅದರಡಿ ಹಾಕಿದ ಮೊಕದ್ದಮೆಗಳು ಮುಗಿಯಲಿಲ್ಲ, ನಡೆಯುತ್ತಲೇ ಇದ್ದವು.

ಎರಡನೆಯ ವಿಶೇಷದ ಬಗ್ಗೆ ಗುಮಾಸ್ತನಾಗಿ ನಾನು ಒಂದು ಮಾತು ಹೇಳಬಲ್ಲೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವ ಗಿರಾಕಿ ಬಂದರೆ ನಮಗೆ ಕಟ್ಟುನಿಟ್ಟಿನ ನಿಯಮ. ಪತ್ರದಲ್ಲಿ ಏನಿದೆ ಎಂಬುದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಅವನು ಸರಿ ಎಂದ ಮೇಲೆ ಹೆಬ್ಬೆಟ್ಟು. ಪಕ್ಕದಲ್ಲಿ ಬೇರೆ ಒಬ್ಬನ ಸಾಕ್ಷಿ ಸಹಿ. ಐನೂರು ರೂಪಾಯಿ ತೆಗೆಯಲು ಇಷ್ಟು ಬೇಕು. ನಮ್ಮ ಈ ಬೆಟ್ಟದಲ್ಲಿ ಎರಡು ಭಾಷೆ ಆಡಬಲ್ಲವರು, ಒಂದನ್ನೂ ಓದಲಾರದವರು ಎಷ್ಟು ಮಂದಿ! ನಾವು ತಮಿಳುನಾಡಿನಲ್ಲಿರುವ ಕನ್ನಡದವರು, ಗೋಪಿನಾಥದ ಕಡೆಯವರು ಕರ್ನಾಟಕದಲ್ಲಿರುವ ತಮಿಳಿನವರು. ಗಡಿಯ ಎರಡೂ ಬದಿಯಲ್ಲಿ ಮನೆಯ ಮಾತು ಒಂದು, ಕಚೇರಿಯ ಕಾಗದ ಇನ್ನೊಂದು. ಓದಲು ಬಾರದ ಕಾಗದಕ್ಕೆ, ಹೆದರಿಕೆಯಲ್ಲಿ ಒತ್ತಿದ ಹೆಬ್ಬೆಟ್ಟಿಗೆ ಬ್ಯಾಂಕು ಐನೂರು ರೂಪಾಯಿ ಕೊಡುವುದಿಲ್ಲ. ಅಂಥದರ ಮೇಲೆ ಒಬ್ಬನ ಆಯುಷ್ಯ ತೆಗೆದುಕೊಳ್ಳುವುದು ಹೇಗೆ?

ಈಗ ನನ್ನ ಕಥೆಗೆ ಬರುತ್ತೇನೆ. ಯಾವ ಶಾಖೆ, ಯಾವ ಠಾಣೆ, ಯಾವ ಊರು ಎಂದು ಕೇಳಬೇಡಿ. ಆ ಮನುಷ್ಯನ ಹೆಸರನ್ನೂ ಹೇಳುವುದಿಲ್ಲ.

ನಮ್ಮ ಶಾಖೆಗೆ ಒಬ್ಬ ರೈತ ಬರುತ್ತಿದ್ದ. ಎರಡೆಕರೆ ಮಳೆಭೂಮಿ. ರಾಗಿ, ಆಲೂಗಡ್ಡೆ ಬೆಳೆಯುತ್ತಿದ್ದ. ಎರಡು ಹಸು. ಆಗೆಲ್ಲ ಖಾತೆ ತೆರೆಯಬೇಕಾದರೆ ಗೊತ್ತಿದ್ದವರೊಬ್ಬರು ಅರ್ಜಿಯಲ್ಲಿ ಪರಿಚಯದ ಸಹಿ ಹಾಕಬೇಕಿತ್ತು. "ಈ ವ್ಯಕ್ತಿಯನ್ನು ನಾನು ಇಷ್ಟು ವರ್ಷದಿಂದ ಬಲ್ಲೆ" ಎಂದು ಬರೆಯಬೇಕು. ಅವನಿಗೆ ಬೇರೆ ಯಾರೂ ಇರಲಿಲ್ಲ. ನಾನೇ ಸಹಿ ಹಾಕಿದೆ. ಐದು ವರ್ಷದಿಂದ ಬಲ್ಲೆ ಎಂದು ಬರೆದೆ. ಅದು ನಿಜವೇ. ಸಂತೆಯ ದಿನ ಬಂದು ಐವತ್ತೋ ನೂರೋ ಕಟ್ಟುತ್ತಿದ್ದ, ಪಾಸ್‌ಬುಕ್ಕಿನಲ್ಲಿ ಬರೆಸಿಕೊಂಡು, ಬರೆದದ್ದನ್ನು ಬೆರಳಿನಿಂದ ಮುಟ್ಟಿ ನೋಡಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದ.

1993ರಲ್ಲಿ ಅವನನ್ನು ಹಿಡಿದುಕೊಂಡು ಹೋದರು. ಕಾಡಿನವರಿಗೆ ರಾಗಿ ಕೊಟ್ಟ ಎಂಬ ದೂರು. ದೂರು ಹೇಳಿದವನಿಗೂ ಇವನಿಗೂ ಬದುವಿನ ಜಗಳವಿತ್ತು ಎಂದು ಸಂತೆಯಲ್ಲಿ ಜನ ಮಾತಾಡಿಕೊಂಡರು. ಎರಡು ದಿನ ಬಿಟ್ಟು ಮಫ್ತಿಯಲ್ಲಿದ್ದ ಇಬ್ಬರು ಬ್ಯಾಂಕಿಗೆ ಬಂದರು. ಅವನ ಖಾತೆಯ ಹಾಳೆ ನೋಡಿದರು. ದೊಡ್ಡ ಮೊತ್ತ ಏನೂ ಇರಲಿಲ್ಲ. ಹೋಗುವಾಗ ಒಬ್ಬರು ಕೌಂಟರಿನಲ್ಲಿದ್ದ ನನ್ನನ್ನು ಕೇಳಿದರು: "ಇವನು ಹೇಗೆ? ನಿನಗೆ ಗೊತ್ತಾ?"

ನಾನು ಹೇಳಿದೆ: "ಖಾತೆ ಇದೆ ಸಾರ್. ಆಳು ಗೊತ್ತಿಲ್ಲ."

ಅಷ್ಟೇ ಮಾತು. ಗೊತ್ತು ಎಂದಿದ್ದರೆ ನನ್ನನ್ನೂ ಜೀಪು ಹತ್ತಿಸುತ್ತಿದ್ದರೇನೋ ಎಂಬ ಭಯ. ಮನೆಯಲ್ಲಿ ಸಣ್ಣ ಮಗು. ನನ್ನ ಒಂದು ಮಾತಿನಿಂದ ಅವನು ಉಳಿದುಕೊಳ್ಳುತ್ತಿದ್ದ ಎಂದು ನಾನು ಹೇಳಲಾರೆ. ಪ್ರಾಯಶಃ ಇಲ್ಲ. ಆದರೆ ಆ ಮಾತು ಆಡಬೇಕಾದವನು ನಾನಾಗಿದ್ದೆ.

ಕೆಲವು ತಿಂಗಳ ಮೇಲೆ ಅವನ ಹೆಂಡತಿ ಪಾಸ್‌ಬುಕ್ ಹಿಡಿದುಕೊಂಡು ಬಂದಳು. ವಕೀಲರಿಗೆ ಕೊಡಬೇಕು, ಇರುವ ಹಣ ಕೊಡಿ ಎಂದಳು. ಖಾತೆ ಅವನೊಬ್ಬನ ಹೆಸರಿನಲ್ಲಿ ಇತ್ತು. ಅವನೇ ಬಂದು ಹೆಬ್ಬೆಟ್ಟು ಒತ್ತಬೇಕು. ನಿಯಮದಂತೆ ನಾವು ಕೊಡಲಿಲ್ಲ. ಅವಳು ಹಸು ಮಾರಿದಳೆಂದು ಆಮೇಲೆ ತಿಳಿಯಿತು. ಎರಡು ವರ್ಷ ವ್ಯವಹಾರವಿಲ್ಲದ ಖಾತೆಗಳನ್ನು ಬೇರೆ ಲೆಡ್ಜರಿಗೆ ವರ್ಗಾಯಿಸುವುದು ವಾಡಿಕೆ. ಅವನ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು "ಚಾಲ್ತಿಯಲ್ಲಿಲ್ಲ" ಎಂಬ ಅರ್ಥದ ಮುದ್ರೆ ಒತ್ತಿದವನೂ ನಾನೇ. ಅವನು ಆಗ ಎಲ್ಲಿದ್ದ, ಏನು ಉಂಡ ಎಂದು ವಿಚಾರಿಸಲಿಲ್ಲ.

ಬ್ಯಾಂಕಿನ ಲೆಕ್ಕದಲ್ಲಿ ಸಸ್ಪೆನ್ಸ್ ಖಾತೆ ಎಂದು ಒಂದಿದೆ. ಸಂಜೆ ಲೆಕ್ಕ ಕೂಡಿಸುವಾಗ ಒಂದು ಮೊತ್ತ ಯಾರ ಹೆಸರಿಗೆ ಸೇರಬೇಕೆಂದು ಗೊತ್ತಾಗದಿದ್ದರೆ ತಾತ್ಕಾಲಿಕವಾಗಿ ಅದರಲ್ಲಿ ಹಾಕುತ್ತೇವೆ. ಆದರೆ ಹಾಕಿ ಮರೆಯುವಂತಿಲ್ಲ. ಇನ್‌ಸ್ಪೆಕ್ಷನ್ನಿಗೆ ಬಂದವರು ಮೊದಲು ತೆಗೆಸುವುದೇ ಆ ಪುಸ್ತಕ. "ಇದು ಯಾರದು? ಏಕೆ ಇನ್ನೂ ಇಲ್ಲಿದೆ?" ಎಂದು ಕೇಳುತ್ತಾರೆ. ವಿಚಾರಣಾಧೀನ ಕೈದಿ ಎಂದರೆ ಸಸ್ಪೆನ್ಸ್ ಖಾತೆಯಲ್ಲಿಟ್ಟ ಮನುಷ್ಯ. ತಪ್ಪು ಮಾಡಿದವನೋ ಅಲ್ಲವೋ ತೀರ್ಮಾನವಾಗಿಲ್ಲ, ಆದರೂ ಒಳಗಿದ್ದಾನೆ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5 ಲಕ್ಷ 73 ಸಾವಿರ ಮಂದಿ ಇದ್ದರು, ಅವರಲ್ಲಿ 4 ಲಕ್ಷ 34 ಸಾವಿರ ಮಂದಿ ವಿಚಾರಣೆ ಮುಗಿಯದವರು. ನಾಲ್ವರಲ್ಲಿ ಮೂವರು. ಯಾವ ಬ್ಯಾಂಕಾದರೂ ತನ್ನ ಪುಸ್ತಕದ ಮುಕ್ಕಾಲು ಪಾಲನ್ನು ಸಸ್ಪೆನ್ಸಿನಲ್ಲಿ ಇಟ್ಟುಕೊಂಡರೆ ಒಂದು ದಿನ ಬಾಗಿಲು ತೆರೆದಿರಲು ಬಿಡುತ್ತಾರೆಯೇ?

ವೀರಪ್ಪನ್ ಪ್ರಕರಣಗಳಲ್ಲಿ ಟಾಡಾ ಕೆಳಗೆ ಮೈಸೂರಿನಲ್ಲಿ ವಿಚಾರಣೆ ಎದುರಿಸಿದವರು ನೂರಕ್ಕೂ ಹೆಚ್ಚು. ಕೂಲಿಯವರು, ರೈತರು, ಹೆಂಗಸರೂ ಇದ್ದರು. ಹೆಚ್ಚಿನವರನ್ನು ಹಿಡಿದದ್ದು 1993ರ ಆಸುಪಾಸಿನಲ್ಲಿ. ತೀರ್ಪು ಬಂದದ್ದು 2001ರ ಸೆಪ್ಟೆಂಬರಿನಲ್ಲಿ. ಶಿಕ್ಷೆಯಾದವರು ಇಪ್ಪತ್ತಕ್ಕಿಂತ ಕಡಿಮೆ. ಉಳಿದವರನ್ನೆಲ್ಲ ಬಿಟ್ಟರು. ಎಂಟು ವರ್ಷ ಎಂದರೆ ಅಂಗನವಾಡಿಗೆ ಸೇರಿದ ಮಗು ಹೈಸ್ಕೂಲು ಬಾಗಿಲಿಗೆ ಬರುವಷ್ಟು ಕಾಲ.

ಇದರ ನಡುವೆ 2000ನೇ ಇಸವಿಯ ಜುಲೈ 30ರ ರಾತ್ರಿ ನಮ್ಮ ತಾಳವಾಡಿ ಸೀಮೆಯ ದೊಡ್ಡಗಾಜನೂರಿನಿಂದಲೇ ಡಾಕ್ಟರ್ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತುಕೊಂಡು ಹೋದ. 108 ದಿನ. ಎರಡು ಭಾಷೆಯ ನಾವು ಆ ದಿನಗಳಲ್ಲಿ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಹೆದರಿ ಕೂತಿದ್ದೆವು. ಅವನ ಬೇಡಿಕೆಗಳಲ್ಲಿ ಒಂದು, ಟಾಡಾದಲ್ಲಿ ಕರ್ನಾಟಕದ ಜೈಲಿನಲ್ಲಿದ್ದ 51 ಮಂದಿಯನ್ನು ಬಿಡಬೇಕೆಂಬುದು. ಸರಕಾರ ಟಾಡಾ ಆರೋಪ ಹಿಂತೆಗೆದುಕೊಳ್ಳಲು ಹೊರಟಿತು. ಆಗ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಅಬ್ದುಲ್ ಕರೀಂ. ಮೀಣ್ಯದಲ್ಲಿ ಸತ್ತ ಶಕೀಲ್ ಅಹಮದ್ ಅವರ ತಂದೆ. ನನ್ನ ಮಗನನ್ನು ಕೊಂದವರ ಮೊಕದ್ದಮೆಯನ್ನು ಕಳ್ಳನ ಬೆದರಿಕೆಗೆ ಹೆದರಿ ಬಿಡಬಹುದೇ ಎಂಬುದು ಆ ವೃದ್ಧರ ಪ್ರಶ್ನೆ. 2000ದ ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ರಾಜ್‌ಕುಮಾರ್ ಅವರು ನವೆಂಬರ್ 15ರಂದು ಬಿಡುಗಡೆಯಾಗಿ ಬಂದರು.

ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಆ ತಂದೆಯ ಮಾತೂ ನ್ಯಾಯ. ತೀರ್ಪಿಲ್ಲದೆ ಏಳು ವರ್ಷ ಒಳಗಿದ್ದ ನಿರಪರಾಧಿಯ ಹೆಂಡತಿಯ ಮಾತೂ ನ್ಯಾಯ. ಎರಡು ನ್ಯಾಯಗಳನ್ನು ಒಂದರ ಎದುರಿಗೆ ಒಂದನ್ನು ನಿಲ್ಲಿಸಿದ್ದು ಯಾವುದು? ಕೊಂದವನನ್ನೂ ಕೊಲ್ಲದವನನ್ನೂ ಒಂದೇ ಪಟ್ಟಿಯಲ್ಲಿ ಬರೆದದ್ದು. 1994ರಲ್ಲೋ 95ರಲ್ಲೋ ವಿಚಾರಣೆ ಮುಗಿಸಿ, ತಪ್ಪಿತಸ್ಥನಿಗೆ ಶಿಕ್ಷೆ ಕೊಟ್ಟು, ಉಳಿದವರನ್ನು ಮನೆಗೆ ಕಳಿಸಿದ್ದರೆ ಕಾಡಿನಲ್ಲಿದ್ದವನಿಗೆ ಕೇಳಲು ಆ 51 ಹೆಸರುಗಳೇ ಇರುತ್ತಿರಲಿಲ್ಲ. ನೂರಾರು ಕೊಲೆಯ ಪಾತಕಿ, ಬಡವರ ಪರ ವಕೀಲನಂತೆ ಕ್ಯಾಸೆಟ್ಟಿನಲ್ಲಿ ಮಾತಾಡುವ ಅವಕಾಶವನ್ನು ನಾವೇ ಅವನ ಕೈಗೆ ಕೊಟ್ಟೆವು.

ಸತ್ತವರ ಮನೆಯವರಿಗಾದರೂ ಬೇಗ ನ್ಯಾಯ ಸಿಕ್ಕಿತೇ? ಪಾಲಾರ್ ಸ್ಫೋಟದ್ದನ್ನೇ ನೋಡಿ. ಘಟನೆ 1993. ಕೆಳ ನ್ಯಾಯಾಲಯದ ತೀರ್ಪು 2001. ನಾಲ್ವರಿಗೆ ಜೀವಾವಧಿಯನ್ನು ಮರಣದಂಡನೆಗೆ ಏರಿಸಿ ಸುಪ್ರೀಂ ಕೋರ್ಟು ಹೇಳಿದ್ದು 2004ರ ಜನವರಿ. ಕ್ಷಮಾದಾನದ ಅರ್ಜಿ ತಿರಸ್ಕಾರವಾದದ್ದು 2013. ಅಷ್ಟು ತಡಮಾಡಿದ್ದಕ್ಕಾಗಿ ಅದೇ ಸುಪ್ರೀಂ ಕೋರ್ಟು ಮತ್ತೆ ಜೀವಾವಧಿಗೆ ಇಳಿಸಿದ್ದು 2014ರ ಜನವರಿ 21. ಇಪ್ಪತ್ತೊಂದು ವರ್ಷ. ರಾಶಿ ಹಿಡಿದರೆ ಹಿಡಿಯುವ ಕೆಲಸ ಒಂದು ದಿನದ್ದು, ಹೆಕ್ಕುವ ಕೆಲಸ ಒಂದು ತಲೆಮಾರಿನದು.

ಇನ್ನು ದೂರುಗಳ ಲೆಕ್ಕ. ಪಡೆಗಳ ಮೇಲೆ ಚಿತ್ರಹಿಂಸೆಯ ದೂರುಗಳು ಬಂದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಜನ ಬಂದು ಎದುರು ನಿಂತು ಹೇಳಿಕೆ ಕೊಟ್ಟರು. 2007ರ ಜನವರಿಯಲ್ಲಿ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಹೇಳಿತು. ಸರಾಸರಿ ತಲೆಗೆ ಮೂರು ಲಕ್ಷದ ಚಿಲ್ಲರೆ. ಪರಿಹಾರ ಕೊಡುವುದೆಂದರೆ ತಪ್ಪಾಗಿದೆ ಎಂದು ಒಪ್ಪಿಕೊಂಡ ರಸೀತಿ. ರಸೀತಿ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅದನ್ನು ಕೈಯಲ್ಲಿ ಹಿಡಿಯಬೇಕಾದವರು ಇರಲಿಲ್ಲ.

ಹಾಗಾದರೆ ಪಡೆಗಳಿಂದ ಪ್ರಯೋಜನವಾಗಲಿಲ್ಲವೇ ಎಂದರೆ, ಆಯಿತು. 1993ರ ನಂತರ ಅವನ ತಂಡ ಕುಗ್ಗಿತು ಎಂಬುದು ನಿಜ. ಪ್ರಾಣ ಕೊಟ್ಟ ಪೊಲೀಸರು, ಅರಣ್ಯ ಕಾವಲುಗಾರರು ಅನೇಕರು, ಅವರ ಮಕ್ಕಳ ಮುಂದೆ ತಲೆ ಬಾಗಬೇಕು. ಆದರೆ ಹಳ್ಳಿಗರು ಜೈಲಿನಲ್ಲಿದ್ದ ಅಷ್ಟೂ ವರ್ಷ ಅವನು ಹೊರಗೇ ಇದ್ದ. ಅವನನ್ನು ಮುಗಿಸಿದ್ದು ಜೈಲು ತುಂಬಿಸುವ ಕೆಲಸವಲ್ಲ. ಕೆಲವರು ಅಧಿಕಾರಿಗಳು ತಾಳ್ಮೆಯಿಂದ ಅವನ ಹತ್ತಿರದವರೆಗೂ ತಮ್ಮ ಆಳುಗಳನ್ನು ಸೇರಿಸಿದರು. ಕಣ್ಣಿನ ಚಿಕಿತ್ಸೆಗೆಂದು ಅವನು ಕಾಡಿನಿಂದ ಹೊರಬಿದ್ದು ಹತ್ತಿದ ಆಂಬುಲೆನ್ಸ್ ವ್ಯಾನನ್ನು ನಡೆಸುತ್ತಿದ್ದವನೇ ಪೊಲೀಸ್. 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ. ಆ ವ್ಯಾನಿನಲ್ಲಿ ಅವನೂ ಸೇರಿ ಅವನ ಕಡೆಯವರು ಇದ್ದದ್ದು ನಾಲ್ಕೇ ಮಂದಿ. ನಾಲ್ಕು! ಊರೂರನ್ನೇ ಅನುಮಾನದ ಪಟ್ಟಿಗೆ ಹಾಕಿದ ಲೆಕ್ಕದ ಕೊನೆಯ ಶಿಲ್ಕು ಅಷ್ಟು.

ನಮ್ಮ ಹಿರಿಯರು ಇದಕ್ಕೇ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಎಂದರು. ಎತ್ತು ಕಾಡಿನಲ್ಲಿದೆ, ಕೈಗೆ ಸಿಕ್ಕುವುದಿಲ್ಲ. ಎಮ್ಮೆ ಕೊಟ್ಟಿಗೆಯಲ್ಲಿದೆ, ಕಟ್ಟಿಹಾಕಿದೆ. ಬರೆ ಬೀಳುವುದು ಸಿಕ್ಕಿದ್ದಕ್ಕೆ.

ನಮ್ಮ ಊರಿನ ಗೊರೆಹಬ್ಬವನ್ನು ನೀವೆಲ್ಲ ಬಲ್ಲಿರಿ. ದೀಪಾವಳಿ ಮುಗಿದ ಮೇಲೆ ಬೀರೇಶ್ವರನ ಗುಡಿಯ ಹತ್ತಿರ ಸಗಣಿ ರಾಶಿ ಹಾಕಿ, ಒಬ್ಬರಿಗೊಬ್ಬರು ಎರಚಿಕೊಂಡು ಆಡುವ ಹಬ್ಬ. ಈಗ ಟೀವಿಯವರೂ ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅವರು ಸಗಣಿಯನ್ನು ನೋಡುತ್ತಾರೆ. ನಾನು ನೋಡುವುದು ಚಾಡಿಕೋರನನ್ನು. ಹುಲ್ಲಿನ ಮೀಸೆ, ಹುಲ್ಲಿನ ಗಡ್ಡ ಕಟ್ಟಿ, ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿ ಊರೆಲ್ಲ ನಗುತ್ತದೆ. ಚಾಡಿ ಹೇಳುವವನು ಊರಿಗೆ ಎಷ್ಟು ಕೇಡು ಎಂಬುದನ್ನು ಅಜ್ಜಂದಿರು ಹಬ್ಬದಲ್ಲೇ ಇಟ್ಟುಹೋಗಿದ್ದಾರೆ. ಯೋಚನೆ ಮಾಡಿ. ಸಾಕ್ಷಿ ಬೇಡ, ಅನುಮಾನ ಸಾಕು ಎಂಬ ಕಾನೂನು ಬಂದ ದಿನ ಕತ್ತೆಯ ಮೇಲಿದ್ದ ಚಾಡಿಕೋರ ಇಳಿದು ಬಂದು ಕುರ್ಚಿಯ ಮೇಲೆ ಕೂರುತ್ತಾನೆ. ಬದುವಿನ ಜಗಳ, ಕೊಟ್ಟ ಸಾಲ, ಮದುವೆ ಮುರಿದ ಸಿಟ್ಟು, ಎಲ್ಲವೂ ರಾಷ್ಟ್ರರಕ್ಷಣೆಯ ವೇಷ ಹಾಕಿಕೊಳ್ಳುತ್ತವೆ. ನಮ್ಮ ಬೆಟ್ಟದಲ್ಲಿ ಅದು ಕಿವಿಮಾತಿನಲ್ಲಿ ನಡೆಯಿತು, ಎಲ್ ಸಾಲ್ವಡಾರಿನಲ್ಲಿ ಫೋನಿನಲ್ಲಿ.

ಚಾಡಿ ಹೇಳಿದವನೊಬ್ಬನದೇ ತಪ್ಪೆಂದು ನಾನು ತಪ್ಪಿಸಿಕೊಳ್ಳುವುದಿಲ್ಲ. ಸುಳ್ಳು ಹೇಳುವವನು ಒಬ್ಬ ಇರುತ್ತಾನೆ, ನಿಜ ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವವರು ನೂರು ಮಂದಿ. ನಾನು ಆ ನೂರರಲ್ಲಿ ಒಬ್ಬ.

ಆ ರೈತ ಏಳು ವರ್ಷದ ಮೇಲೆ ಬಿಡುಗಡೆಯಾಗಿ ಬಂದ. ಸಾಕ್ಷಿಯಿಲ್ಲ ಎಂದು ಬಿಟ್ಟರಂತೆ. ಒಂದು ಸಂತೆಯ ದಿನ ಕೌಂಟರಿಗೆ ಬಂದು ನಿಂತ. ನಾನು ಮೊದಲು ಗುರುತು ಹಿಡಿಯಲಿಲ್ಲ. ಟವೆಲ್ಲಿನಿಂದ ಪಾಸ್‌ಬುಕ್ ತೆಗೆದಾಗ ಗೊತ್ತಾಯಿತು. ನಿಂತುಹೋದ ಖಾತೆಯನ್ನು ಮತ್ತೆ ಚಾಲ್ತಿಗೆ ತರಬೇಕಾದರೆ ಹಳೆಯ ಅರ್ಜಿ ತೆಗೆದು ಹೆಬ್ಬೆಟ್ಟು ತಾಳೆ ನೋಡಬೇಕು. ರೆಕಾರ್ಡ್ ಕೋಣೆಯಿಂದ ಅರ್ಜಿ ತಂದು ಮೇಜಿನ ಮೇಲೆ ಬಿಡಿಸಿದೆ. ಅವನ ಭಾವಚಿತ್ರ, ಕೆಳಗೆ ಅವನ ಹೆಬ್ಬೆಟ್ಟು, ಅದರ ಕೆಳಗೆ "ಐದು ವರ್ಷದಿಂದ ಬಲ್ಲೆ" ಎಂದು ಬರೆದ ನನ್ನ ಅಕ್ಷರ, ನನ್ನ ಸಹಿ.

ಹಣ ಎಲ್ಲ ಇತ್ತು. ಬಡ್ಡಿ ಸೇರಿಸಿ ಎಣಿಸಿ ಕೊಟ್ಟೆ. ಅವನು ಎಣಿಸಿ ನೋಡಲಿಲ್ಲ. "ನೀವಿದ್ದೀರಲ್ಲ ಸಾಮಿ, ಸರಿಯಾಗೇ ಇರುತ್ತೆ" ಎಂದ. ಅವನಿಗೆ ನಾನು ಆಡಿದ ಮಾತು ಗೊತ್ತಿರಲಿಲ್ಲ. ಆ ದಿನವೂ ನಾನು ಹೇಳಲಿಲ್ಲ. ಈಗ ಅವನಿಲ್ಲ. ಇಷ್ಟು ವರ್ಷದ ಮೇಲೆ ಈ ಮೈಕಿನ ಮುಂದೆ ಹೇಳುತ್ತಿದ್ದೇನೆ. ಹೇಳಬೇಕಾದವನಿಗೆ ಹೇಳದೆ ಲೋಕಕ್ಕೆ ಹೇಳಿದರೆ ಏನು ಬಂತು ಎಂದು ನೀವು ಕೇಳಬಹುದು. ನನಗೂ ಹಾಗೇ ಅನ್ನಿಸುತ್ತದೆ.

ಮೊಮ್ಮಗ ಈಗ ಊರಿಗೆ ಹೋಗಿದ್ದಾನೆ. ಅವನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮಗು, ಕೊಲೆಗಾರನನ್ನು ಹಿಡಿಯಲೇಬೇಕು. ಹಿಡಿದು ಶಿಕ್ಷೆ ಕೊಡಲೇಬೇಕು. ಅದಕ್ಕೆ ಒಂದು ಹೆಸರು, ಒಂದು ಕೃತ್ಯ, ಒಂದು ಸಾಕ್ಷಿ ಬೇಕು. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ನಮ್ಮ ಸಂವಿಧಾನದ 22ನೇ ವಿಧಿ ಹೇಳುತ್ತದೆ, ನಿಲ್ಲಿಸಲಿ. ಕಾಗದವನ್ನು ಅವನ ಭಾಷೆಯಲ್ಲಿ ಓದಿ ಹೇಳಲಿ. ವಿಚಾರಣೆ ಬೇಗ ಮುಗಿಯಲಿ, ಸತ್ತವನ ತಂದೆಗಾಗಿಯೂ, ಸಿಕ್ಕಿಬಿದ್ದವನ ಹೆಂಡತಿಗಾಗಿಯೂ. ಒಬ್ಬನ ಸಾಲವನ್ನು ಊರವರ ಖಾತೆಗೆಲ್ಲ ಖರ್ಚು ಬರೆದರೆ ಸಂಜೆಗೆ ಲೆಕ್ಕ ಕೂಡಿದಂತೆ ಕಾಣುತ್ತದೆ. ಅದು ಕೂಡಿದ್ದಲ್ಲ, ಮುಚ್ಚಿಟ್ಟದ್ದು. ಎಂದಾದರೊಂದು ದಿನ ಪಾಸ್‌ಬುಕ್ ಹಿಡಿದುಕೊಂಡು ಒಬ್ಬ ಬಂದೇ ಬರುತ್ತಾನೆ.

ಬಂಧುಗಳೇ, ನಿಮಗೂ ಒಂದು ಬಿನ್ನಹ. ಕಾಲ ಹೇಗೆ ತಿರುಗುತ್ತದೋ ಹೇಳಲಾಗದು. ಯಾರಾದರೂ ನಿಮ್ಮ ನೆರೆಯವನನ್ನು ತೋರಿಸಿ "ಇವನು ನಿನಗೆ ಗೊತ್ತಾ?" ಎಂದು ಕೇಳುವ ದಿನ ಬರಬಹುದು. ಗೊತ್ತಿದ್ದರೆ ಗೊತ್ತು ಎನ್ನಿ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ, ತಮಿಳಿನಲ್ಲಿ ಕೇಳಿದರೆ ತಮಿಳಿನಲ್ಲಿ. ಎರಡು ಭಾಷೆ ಕಲಿತ ನಮಗೆ ಆ ಒಂದು ಮಾತು ಎರಡರಲ್ಲೂ ಬರುತ್ತದೆ.